ಇಲಿ ಹದಿನಾಲ್ಕರ ನಿಮೀಲಿತ ಜಾಗೃತಿ

ಕೆನಡಾದ ವಿನಿಪೆಗ್ಗಿನ ನಮ್ಮ ವಿಶ್ವವಿದ್ಯಾಲಯದ ನಿದ್ರಾ ಸಂಶೋಧನಾ ವಿಭಾಗದಲ್ಲಿ ಕಳೆದ ಫೆಬ್ರವರಿಯಿಂದ ಯಾವ ಜೀವಿಯೂ ನಿದ್ರಿಸಿಲ್ಲವೆಂದು ದಾಖಲೆಗಳು ದೃಢಪಡಿಸುತ್ತವೆ.

ನಿದ್ದೆಗೆಟ್ಟಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಏರುತ್ತದೆ. ಸಾಕು, ಮಲಗು ಎಂದು ಸುದ್ದಿ ಮುಟ್ಟಿಸುವುದು ಅದರ ಕೆಲಸ. ಅದನ್ನು ಅಳೆಯಲು ಇಪ್ಪತ್ತು ಇಲಿಗಳನ್ನು ತಿರುಗುವ ಚಕ್ರಗಳ ಮೇಲೆ ಮೂರು ದಿನ ಎಚ್ಚರವಾಗಿಡಬೇಕಿತ್ತು. ಹತ್ತೊಂಬತ್ತರಲ್ಲಿ ಏರಿತು. ಹದಿನಾಲ್ಕನೆಯದು ಮಾತ್ರ ನಡೆಯುತ್ತಲೇ ನಿದ್ದೆ ಹೊಡೆಯಿತು.

"ಡಾಕ್ಟ್ರೇ, ಅದನ್ನ ಲೆಕ್ಕದಿಂದ ಬಿಡಬೇಕು," ಎಂದಳು ಇಲಿಗಳನ್ನು ನೋಡಿಕೊಳ್ಳುವ ಒಡೆಟ್ ಫೂರ್ನಿಯೆ.

"ನಿದ್ದೆ ಅಂತ ಹೇಗ್ ಹೇಳ್ತೀಯ?" ಎಂದರು ಮುಖ್ಯಸ್ಥ ಡಾ. ಥೋರ್ವಾಲ್ಡ್‌ಸನ್.

"ಕಣ್ಣು ಮುಚ್ಚಿದೆ. ಗೊರಕೆ ಬೇರೆ."

"ಅನುದಾನ ಬಂದಿರೋದು ಎಚ್ಚರವಾಗಿರೋ ಇಪ್ಪತ್ತು ಇಲಿಗೆ ಕಣಮ್ಮ."

ಮರುದಿನ ಸುತ್ತೋಲೆ ಹೊರಟಿತು: 'ಕೆಲಸದ ವೇಳೆಯಲ್ಲಿ ಈ ವಿಭಾಗದಲ್ಲಿ ಕಣ್ಣು ಮುಚ್ಚಿರುವ ಯಾವುದೇ ಜೀವಿಯನ್ನು ನಿಮೀಲಿತ ಜಾಗೃತಿಯಲ್ಲಿರುವುದಾಗಿ ಪರಿಗಣಿಸತಕ್ಕದ್ದು.'

ಎಚ್ಚರವಿದ್ದೂ ಹದಿನಾಲ್ಕನೆಯದರಲ್ಲಿ ಅಡೆನೊಸಿನ್ ಏರಿಲ್ಲ. ಆದ್ದರಿಂದ ನಿದ್ದೆಗೇಡು ನಿರಪಾಯಕಾರಿ. ಆದ್ದರಿಂದ ಪ್ರಯೋಗವನ್ನು ಹತ್ತು ದಿನಕ್ಕೆ ವಿಸ್ತರಿಸಲಾಯಿತು. ಐದನೇ ದಿನ ಉಳಿದ ಇಲಿಗಳು ಚಕ್ರದಿಂದ ಉರುಳತೊಡಗಿದವು. ಒಡೆಟ್ ಎತ್ತಿ ಎತ್ತಿ ಇಟ್ಟಳು. ಒಂಬತ್ತನೆಯದು ನಡುಗುತ್ತ ಅವಳ ಅಂಗಿಯ ತೋಳಿನೊಳಗೆ ಮೂತಿ ತೂರಿಸಿದಾಗ ಅವಳಿಂದ ತಡೆಯಲಾಗಲಿಲ್ಲ. ಚಕ್ರ ನಿಲ್ಲಿಸಬೇಕೆಂದು ಅರ್ಜಿ ಬರೆದು ಮಧ್ಯಾಹ್ನ ಎರಡಕ್ಕೆ ಡಾಕ್ಟರ ಕೋಣೆಗೆ ಹೋದಳು. ಅವರ ಕೆನ್ನೆ ಮೇಜಿನ ಮೇಲಿತ್ತು.

"ಮಲಗಿದಾರಾ?" ಎಂದು ಕಾರ್ಯದರ್ಶಿ ಬೆರಿಲ್‌ಳನ್ನು ಕೇಳಿದಳು.

"ಸುತ್ತೋಲೆ ಓದಿಲ್ವೇನೇ? ಎಚ್ಚರವಾಗೇ ಇದಾರೆ. ಓದು ನಿನ್ನ ಅರ್ಜಿ."

ಒಡೆಟ್ ಪೂರ್ತಿ ಓದಿದಳು. ಬೆರಿಲ್ ಗಡಿಯಾರ ನೋಡಿ ಎರಡು ನಿಮಿಷ ಕಾದಳು. "ಆಕ್ಷೇಪ ಇಲ್ಲ," ಎಂದು ಮೊಹರು ಒತ್ತಿದಳು.

ಚಕ್ರಗಳು ನಿಂತವು. ಇಲಿಗಳು ಒಂದರ ಮೇಲೊಂದು ಬಿದ್ದು ನಿಮೀಲಿತ ಜಾಗೃತಿಗೆ ಜಾರಿದವು. ಒಡೆಟ್ ಅಲ್ಲೇ ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದಳು.

ನಾಲ್ಕಕ್ಕೆ ಕಣ್ಣು ತೆರೆದ ಡಾಕ್ಟರು ಮೊಹರು ನೋಡಿ ಕೆಂಪಾದರು. ತಾನು ಮಲಗಿದ್ದೆನೆಂದರೆ ಸುತ್ತೋಲೆ ಸುಳ್ಳಾಗುತ್ತದೆ. ಸುತ್ತೋಲೆ ಸುಳ್ಳಾದರೆ ಅನುದಾನ ಹೋಗುತ್ತದೆ.

"ಹೌದು, ಕೇಳಿಸ್ಕೊಂಡೆ," ಎಂದು ಸಹಿ ಹಾಕಿದರು.

ಈಗ ದಿನವೂ ಎರಡು ಗಂಟೆಗೆ ಅವರ ಬಾಗಿಲಲ್ಲಿ ಅರ್ಜಿ ಹಿಡಿದವರ ಸಾಲು ನಿಲ್ಲುತ್ತದೆ. ಹಿಮದ ಬೂಟು ಸದ್ದು ಮಾಡುತ್ತದೆಂದು ಎಲ್ಲರೂ ಕಾಲುಚೀಲದಲ್ಲೇ ನಿಲ್ಲುತ್ತಾರೆ. ಆರು ವರ್ಷದಿಂದ ಕೊಳೆಯುತ್ತಿದ್ದ ಕಡತಗಳೆಲ್ಲ ವಿಲೇವಾರಿಯಾದವು. ಮೊನ್ನೆ ಅವರಿಗೆ 'ಅತ್ಯಂತ ತಾಳ್ಮೆಯಿಂದ ಆಲಿಸುವ ಆಡಳಿತಗಾರ' ಪ್ರಶಸ್ತಿ ಬಂತು. ಸಮಾರಂಭ ಅವರ ಕೋಣೆಯಲ್ಲೇ ನಡೆಯಿತು. ಚಪ್ಪಾಳೆ ತಟ್ಟಬಾರದೆಂದು ಆಹ್ವಾನಪತ್ರಿಕೆಯಲ್ಲಿಯೇ ಮುದ್ರಿಸಲಾಗಿತ್ತು.