ಸ್ಲೈಡ್ ರೂಲ್ ಹೇಳದ ಸೊನ್ನೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮಪ್ಪ ಮಾಳಿಗೆಯ ಮೇಲೆ ನಡೆದಾಡತೊಡಗಿದರು. ಅವರು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು!

ತೊಲೆ ಕಿರ್ರೆಂದಿತು. ಒಂದು ಹಿಡಿ ಮಣ್ಣು ಅವ್ವ ಮಲಗುವ ಹೊರಸಿನ ಮೇಲೆ ಮೆತ್ತಗೆ ಸುರಿಯಿತು.

"ನಿಮ್ಮಪ್ಪ ಬಂದಾರಲೇ. ಅವರ ಪಟ್ಟಿ ಮುಟ್ಟೀದಿ, ಸಿಟ್ಟಾಗ್ಯಾರ," ಎಂದಳು ಅವ್ವ.

ನಾನು ಬಿ.ಎಸ್ಸಿ. ನಕ್ಕೆ.

ಪಟ್ಟಿ ಎಂದರೆ ಸ್ಲೈಡ್ ರೂಲ್. ಕ್ಯಾಲ್ಕುಲೇಟರ್ ಬರುವ ಮೊದಲು ಅಪ್ಪ ಸಕ್ಕರೆ ಕಾರ್ಖಾನೆಯ ಲೆಕ್ಕವನ್ನೆಲ್ಲ ಅದರಲ್ಲೇ ಮಾಡುತ್ತಿದ್ದರು. ನಡುವಿನ ಪಟ್ಟಿ ಸರಿಸಬೇಕು, ಗಾಜಿನ ಮೇಲಿನ ಗೆರೆ ಕೂಡಿಸಬೇಕು, ಗುಣಾಕಾರದ ಉತ್ತರ ಓದಬೇಕು. ಹಿಂದಿನ ತಿಂಗಳು ದ್ರಾಕ್ಷಿಗೆ ನೀರು ಬಿಡಲೆಂದು ಮಾಳಿಗೆಯ ಮೇಲೆ ಇಟ್ಟಿಗೆಯ ಟಾಕಿ ಕಟ್ಟಿಸುವಾಗ ಅದನ್ನು ಹೊರತೆಗೆದಿದ್ದೆ. ಉದ್ದ ಏಳಡಿ, ಅಗಲ ಐದಡಿ, ಎತ್ತರ ಐದಡಿ. ಘನ ಅಡಿಗೆ ಇಪ್ಪತ್ತೆಂಟು ಲೀಟರ್, ಅಂದರೆ ಇಪ್ಪತ್ತೆಂಟು ಕಿಲೋ ನೀರು. ಗೆರೆ ಐದರ ಹತ್ತಿರ ನಿಂತಿತು.

"ಐದ್ನೂರು ಕಿಲೋ!" ಎಂದು ಘೋಷಿಸಿದೆ.

ಗೌಂಡಿ ಬಾಳಪ್ಪ ತಲೆ ಕೆರೆದುಕೊಂಡ. "ಸರ, ಮಣ್ಣಿನ ಮಾಳಗಿ ಐತ್ರಿ. ವಜ್ಜಿ ಭಾಳ ಆಗ್ತೈತಿ ಅನಸ್ತೈತ್ರಿ."

"ಐದು ಚೀಲ ಜ್ವಾಳದಷ್ಟ! ಮಾಳಗಿಗೆ ಅದ್ಯಾವ ಲೆಕ್ಕ?"

"ಒಮ್ಮೆ ಮೊಬೈಲಿನ್ಯಾಗರ ನೋಡ್ರಿ," ಎಂದಳು ಹೆಂಡತಿ ಸುಮಿತ್ರಾ.

ಬ್ಯಾಟರಿ ಮುಗಿಯುವ ಯಂತ್ರವನ್ನು ನಂಬುವವನು ನಾನಲ್ಲ!

ಆ ಟಾಕಿ ಅಂದು ಮೊದಲ ಸಲ ತುಂಬುತ್ತಿತ್ತು. ಮೇಲಿನ ಹೆಜ್ಜೆ ಗೋಡೆಯಿಂದ ಗೋಡೆಗೆ ಹೋಯಿತು. ಮುಚ್ಚಿದ್ದ ಬಾಗಿಲು ತಾನಾಗಿ ತೆರೆದುಕೊಂಡಿತು. ಕೊನೆಗೆ ಸದ್ದು ಅವ್ವನ ಹೊರಸಿನ ನೇರಕ್ಕೆ ಬಂದು ನಿಂತಿತು. ಆಮೇಲೆ ಏನೂ ಇಲ್ಲ.

"ಹಸದಾರ ಅವರು. ಅಂಗಳದಾಗ ಎಡಿ ಇಡೋಣು," ಎಂದು ಅವ್ವ ರೊಟ್ಟಿ, ಝುಣಕದ ತಾಟು ಹಿಡಿದು ಎದ್ದಳು. "ಲೇ, ನೀನೂ ಬಾ. ತಪ್ಪಾತಂತ ಕಾಲಿಗೆ ಬೀಳು."

ವಿಜ್ಞಾನದ ಮಾನ ಕಾಯಲು ನಾನು ಕುಳಿತೇ ಇದ್ದೆ. ಸುಮಿತ್ರಾ ಅಂಗಿಯ ಕೊರಳು ಹಿಡಿದು ಎಳೆದೊಯ್ದಳು.

ಎಡೆಯ ಮುಂದೆ ಹಣೆ ನೆಲಕ್ಕೆ ಹಚ್ಚಿ "ತಪ್ಪಾತು ಅಪ್ಪಾ" ಎನ್ನುವಷ್ಟರಲ್ಲಿ ಹಿಂದೆ ಮಾಳಿಗೆ ಕುಸಿಯಿತು. ಅವ್ವನ ಹೊರಸಿನ ಮೇಲೆ ಐದು ಸಾವಿರ ಕಿಲೋ ನೀರು!

ಧೂಳು ಇಳಿದ ಮೇಲೆ ಸ್ಲೈಡ್ ರೂಲಿನ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಒಳಗೆ ನಾನೆಂದೂ ಗಮನಿಸದ ಅಪ್ಪನ ಅಕ್ಷರ: "ಇದು ಅಂಕಿ ಮಾತ್ರ ಹೇಳುತ್ತದೆ. ಸೊನ್ನೆ ಎಷ್ಟೆಂದು ನಾವೇ ತಿಳಿಯಬೇಕು."

"ನಾ ಹೇಳಲಿಲ್ಲೇನ, ಸಿಟ್ಟಾಗ್ಯಾರಂತ?" ಎಂದಳು ಅವ್ವ.

ಈಗ ತಗಡಿನ ಶೆಡ್ಡಿನಲ್ಲಿದ್ದೇವೆ. ತಗಡು ಚಟ್ಟೆಂದರೂ ನಾನು ಎದ್ದು ಅವ್ವನ ಹೊಸ ಹೊರಸನ್ನು ಅಂಗಳಕ್ಕೆ ಎಳೆಯುತ್ತಿದ್ದೆ. ಬೆಳಗಿನ ತನಕ ನಿದ್ದೆ ಬಂದದ್ದು ಮೊನ್ನೆ ಸೋಮವಾರವೇ. ಅಂದು ಬಾಳಪ್ಪ ಹೊಸ ಟಾಕಿಯನ್ನು ನೆಲದ ಮೇಲೆ ಕಟ್ಟಿ ಮುಗಿಸಿದ. ಲೆಕ್ಕ ಹಾಕಲು ಹೋದವನಿಗೆ, "ಸರ, ನೀವು ಒಂದೀಟ ಅತ್ತಾಗ ನಿಂದರ್ರಿ," ಎಂದ.

ಸ್ಲೈಡ್ ರೂಲ್ ದೇವರ ಜಗಲಿಯ ಮೇಲೆ, ಅಪ್ಪನ ಫೋಟೋದ ಪಕ್ಕದಲ್ಲಿದೆ. ನಾನು ಅದನ್ನು ಮುಟ್ಟುವಂತಿಲ್ಲ. ಕೈ ಮುಗಿಯಬಹುದು!