ಚಿಕ್ಕಪ್ಪನ ಕೆಂಪೆಲೆ ಮುಹೂರ್ತ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮುಖ ಕಂಡರೆ ಆಗುವುದಿಲ್ಲ. ಗ್ರಹಚಾರ ನೋಡಿ, ಹಿಂದೂಪುರದಲ್ಲಿ ಅವರು ಇಟ್ಟುಕೊಂಡಿರುವುದು ಫೋಟೋ ಸ್ಟುಡಿಯೋ! ಪಾಸ್‌ಪೋರ್ಟ್ ಸೈಜಿಗೆಂದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಿಟಕಿಯಾಚೆಯ ಬಾದಾಮಿ ಮರದಲ್ಲಿ ಎಲೆಯೊಂದು ಕೆಂಪಾಯಿತೆಂದು ಕ್ಯಾಮೆರಾ ಸಮೇತ ಬೀದಿಗಿಳಿದುಬಿಡುತ್ತಾರೆ. ಬಂದವರು ನಗುಮುಖ ಮಾಡಿಕೊಂಡು ಎಷ್ಟು ಹೊತ್ತು ಕೂರಬೇಕು, ಹೇಳಿ?

ಸೋಮಂದೇಪಲ್ಲಿಯ ಮದುವೆಯೊಂದರಲ್ಲಿ ವರ ತಾಳಿ ಕಟ್ಟುವಾಗ ಇವರ ಕ್ಯಾಮೆರಾ ಚಪ್ಪರದ ತೋರಣದ ಮೇಲಿತ್ತು. ಮಾವಿನೆಲೆಗೆ ಬಿಸಿಲು ಬಿದ್ದಿತ್ತಂತೆ!

"ಇನ್ನೊಂದ್ಸಲ ಕಟ್ಟಪ್ಪ, ನಾನು ನೋಡ್ಲಿಲ್ಲ" ಎಂದರು ಚಿಕ್ಕಪ್ಪ.

"ಏಮಯ್ಯಾ, ಬುದ್ಧಿ ಉಂದಾ ನೀಕು? ಬಿಚ್ಚಿ ಕಟ್ಟಾಕೆ ಇದೇನು ಎಮ್ಮೆ ಹಗ್ಗವಾ?" ಎಂದು ಪುರೋಹಿತರು ತೆಲುಗು ಬೆರೆಸಿ ಬೈದು ಕೆಂಡವಾದರು.

ಈ ಎಲೆಯ ಹುಚ್ಚು ಹತ್ತಿಸಿದ್ದು ಚಿಕ್ಕಮ್ಮ. ಅವರು ಕಲ್ಯಾಣದುರ್ಗದಾಚೆ, ಸೆಟ್ಟೂರಿನ ಕಡೆಯವರು. ಹುಡುಗಿಯಾಗಿದ್ದಾಗ ಮೇಕೆ ಮೇಯಿಸುತ್ತಿದ್ದ ಬೆಟ್ಟದ ಮೇಲೊಂದು ದಿಂಡಿಗದ ಮರ. ಮಾಘದಲ್ಲಿ ಎಲೆ ಉದುರಿಸುವ ಮೊದಲು ಇಡೀ ಮರ ತಾಮ್ರದಂತೆ ಕೆಂಪಾಗುತ್ತದಂತೆ. "ಒಂದ್ಸಲ ಅಲ್ಲಿಗೆ ಹೋಗಿ ಫೋಟೋ ತಗ್ಯಾನ ಕಣ್ರೀ." ಮದುವೆಯಾದಾಗಿನಿಂದ ಅವರು ಗಂಡನನ್ನು ಕೇಳಿದ್ದು ಇದೊಂದೇ. ಆದರೆ ಮಾಘವೆಂದರೆ ಮದುವೆಗಳ ಸುಗ್ಗಿ! "ಈ ಮುಹೂರ್ತ ಒಂದು ಮುಗೀಲಿ ಕಣೇ, ಹೋಗ್ಬುಡಾನ" ಎನ್ನುತ್ತಿದ್ದರು ಚಿಕ್ಕಪ್ಪ. ಮುಹೂರ್ತಗಳು ಮುಗಿಯುವ ಹೊತ್ತಿಗೆ ಮರ ಬೋಳು. ಪಂಚಾಂಗ ನೋಡಿ ಎಲೆ ಉದುರಿಸಲು ಮರಕ್ಕೇನು ಬರುತ್ತದೆಯೇ?

ಈ ವರ್ಷ ಚಿಕ್ಕಮ್ಮ ಹಾಸಿಗೆ ಹಿಡಿದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು ಡಾಕ್ಟರು. ಮಾಘ ಬಂತು. ಚಿಕ್ಕಪ್ಪ ತಾವು ಒಪ್ಪಿಕೊಂಡಿದ್ದ ಮದುವೆಯನ್ನು ಎದುರು ಸ್ಟುಡಿಯೋದವನಿಗೆ ವಹಿಸಿ, ನನ್ನಿಂದ ಬ್ಯಾಂಕಿಗೆ ರಜೆ ಹಾಕಿಸಿ, ಏಳಲಾಗದ ಚಿಕ್ಕಮ್ಮನಿಗೆ ಮರದ ಫೋಟೋವನ್ನಾದರೂ ತರೋಣವೆಂದು ನನ್ನೊಡನೆ ಕಲ್ಯಾಣದುರ್ಗದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದು ಮರದ ಕಡೆಗೂ ಅವರು ತಿರುಗಿ ನೋಡಲಿಲ್ಲ. ನನಗೆ ಭಯವಾಯಿತು.

ಬೆಟ್ಟ ಹತ್ತಿ ನೋಡಿದರೆ, ಮರ ಬೋಳು! ಎಲೆಯೆಲ್ಲ ಗಾಳಿಗೆ ಉದುರಿ ಬುಡದಲ್ಲಿ ಬಿದ್ದಿತ್ತು. ಚಿಕ್ಕಪ್ಪ ಬಂಡೆಯ ಮೇಲೆ ಕೂತು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವರೇ ಎದ್ದು, ಸ್ಟುಡಿಯೋದ ಪರದೆ ಕಟ್ಟುವ ದಾರವನ್ನು ಬ್ಯಾಗಿನಿಂದ ತೆಗೆದು, ಬಿದ್ದ ಎಲೆಗಳನ್ನು ಒಂದೊಂದಾಗಿ ಕೊಂಬೆಗೆ ಕಟ್ಟತೊಡಗಿದರು.

"ಇದು ಸುಳ್ಳಲ್ವಾ ಚಿಕ್ಕಪ್ಪ?"

"ಸುಳ್ಳೇ ಕಣ್ಲಾ. ಆ ಕೊಂಬೆ ಬಗ್ಗಿಸಿ ಹಿಡ್ಕೊ."

ಒಂದು ಕೊಂಬೆ ಕೆಂಪಾಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಫೋಟೋ ತೆಗೆದು ಬಸ್ಸು ಹಿಡಿದೆವು.

ಮರುದಿನ ಪ್ರಿಂಟ್ ಹಾಕಿ ತಂದುಕೊಟ್ಟರೆ, ಚಿಕ್ಕಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಕಾಯಿಲೆ ಬಂದದ್ದು ಕಣ್ಣಿಗಲ್ಲವಲ್ಲ!

"ಇದೇನ್ರೀ, ಎಲೆಗೆಲ್ಲ ದಾರ ಕಟ್ಟೀರಾ?"

ಚಿಕ್ಕಪ್ಪ ತಲೆ ತಗ್ಗಿಸಿದರು. "ನಾನು ಹೋಗೋ ಹೊತ್ಗೆ ಉದುರಿ ಹೋಗ್ಬುಟ್ಟಿತ್ತು ಕಣೇ."

"ಎಷ್ಟೊತ್ತು ಕಟ್ಟುದ್ರಿ?"

"ಮಧ್ಯಾಹ್ನ ಪೂರ್ತಿ."

ಚಿಕ್ಕಮ್ಮ ನಕ್ಕರು, ನಗುತ್ತಲೇ ಕೆಮ್ಮಿದರು. ಫೋಟೋವನ್ನು ಎದೆಯ ಮೇಲಿಟ್ಟುಕೊಂಡು, "ಮದ್ವೆ ಸೀಸನ್ನಾಗೆ ನಂಗೇ ಅಂತ ಒಂದು ಮಧ್ಯಾಹ್ನ ಕೊಟ್ರಲ್ಲ, ಸಾಕು ಬಿಡಿ" ಎಂದರು.

ಫಾಲ್ಗುಣ ಹುಟ್ಟುವ ಮೊದಲೇ ಚಿಕ್ಕಮ್ಮ ಹೋದರು. ಅವರ ಕೈಯಲ್ಲಿದ್ದ ಆ ಫೋಟೋ ತೆಗೆದಿಡಲು ಚಿಕ್ಕಪ್ಪ ಯಾರನ್ನೂ ಬಿಡಲಿಲ್ಲ.