ಗುಮಾಸ್ತರು ಓಡಿಸಿದ ಪ್ರೋಗ್ರಾಮು

ಗ್ರಂಥಾಲಯದ ಗುಮಾಸ್ತರು ಮಾಡಿದ ತಪ್ಪು ಇಷ್ಟೇ: ಹೋದ ತಿಂಗಳು ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎರಡು ಬೆರಳಲ್ಲಿ ಎಳೆದು ತೆಗೆದಿದ್ದರು. ಅಂದಿನಿಂದ ಅವರಿಗೆ ಕಂಪ್ಯೂಟರು ಕರತಲಾಮಲಕ ಎಂಬ ಸುದ್ದಿ ಹಬ್ಬಿತು. ಅದನ್ನು ಅಲ್ಲಗಳೆಯುವಷ್ಟು ದೊಡ್ಡ ಮನಸ್ಸು ಅವರಿಗಿರಲಿಲ್ಲ.

ಹಾಗಾಗಿ ಆ ಬೆಳಿಗ್ಗೆ ಗ್ರಂಥಪಾಲಕರು ಕರೆದು, ತಮ್ಮ ತಂಗಿಯ ಮಗಳು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದಾಳೆ, ಯಾವ ಭಾನುವಾರ ವಾಚನಾಲಯವನ್ನು ಯಾರು ನೋಡಿಕೊಳ್ಳಬೇಕೆಂದು ಇಡೀ ವರ್ಷದ ಪಟ್ಟಿಯನ್ನು ಅದೇ ಹಾಕುತ್ತದೆ, ಸಂಜೆ ಐದರೊಳಗೆ ಓಡಿಸಿ ತೋರಿಸಿ ಎಂದಾಗ ಗುಮಾಸ್ತರು ಅದೇನು ಮಹಾ ಎಂಬಂತೆ ತಲೆಯಾಡಿಸಿದರು. ಸಹಾಯಕ ಗ್ರಂಥಪಾಲಕರ ಹುದ್ದೆ ಖಾಲಿಯಿತ್ತು. ಅದಕ್ಕೆ ಇವರ ಹೆಸರು ಸೂಚಿಸುವ ಪತ್ರ ಗ್ರಂಥಪಾಲಕರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಹುಡುಗಿ ಒಂದು ಚೀಟಿ ಬರೆದಿಟ್ಟಿದ್ದಳು. ಫೋಲ್ಡರಿಗೆ ಹೋಗಿ ಪರದೆಯ ಮೇಲೆ ತೆರೆಯುವ ಕಪ್ಪು ಕಿಟಕಿಯಲ್ಲಿ ಈ ಸಾಲು ಟೈಪ್ ಮಾಡಿ, ಮಿಕ್ಕಿದ್ದನ್ನು ಮೇವನ್ ನೋಡಿಕೊಳ್ಳುತ್ತದೆ ಎಂದಿತ್ತು. ಮೇವನ್ ಎಂದರೆ ಪ್ರೋಗ್ರಾಮನ್ನು ಜೋಡಿಸಿ, ಬೇಕಾದ್ದನ್ನೆಲ್ಲ ತರಿಸಿಕೊಂಡು ಓಡಿಸುವ ಸಾಧನ ಎಂಬುದು ಗುಮಾಸ್ತರಿಗೆ ತಿಳಿಯದು. ಯಾರೋ ತಂತ್ರಜ್ಞ ಬರುತ್ತಾನೆಂದು ಬಾಗಿಲು ನೋಡುತ್ತ ಅರ್ಧ ಗಂಟೆ ಕಳೆದರು.

ಕೊನೆಗೆ ತಾವೇ ಟೈಪ್ ಮಾಡಿದರು. ಕಿಟಕಿಯ ತುಂಬ ಕೆಂಪಕ್ಷರ ಸುರಿಯಿತು. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು ಅಂಟು ಮೆತ್ತಿದ ಕೈಯೊಂದಿಗೆ ಬಂದು ಬಗ್ಗಿ ನೋಡಿ, “ನೀವಿರೋ ಜಾಗ ಸರಿಯಿಲ್ಲ” ಎಂದ. ಗುಮಾಸ್ತರು ಕುರ್ಚಿಯನ್ನು ಎಡಕ್ಕೆ ಸರಿಸಿದರು.

“ಕುರ್ಚಿಯಲ್ಲ ಸಾರ್, ಫೋಲ್ಡರು.”

ಫೋಲ್ಡರು ಸರಿಹೋಯಿತು. ಈಗ ಮೇವನ್ ಇಂಟರ್ನೆಟ್ಟಿನಿಂದ ಏನೇನೋ ಇಳಿಸಿಕೊಳ್ಳತೊಡಗಿತು. ಮನೆ ಬದಲಾಯಿಸುವವರ ಸಾಮಾನಿನಂತೆ ಸಾಲಿನ ಮೇಲೆ ಸಾಲು ಬಂದೇ ಬಂದವು. ಪತ್ರಿಕಾ ವಿಭಾಗದ ಅಕ್ಕ ಅದನ್ನು ಕಂಡು, ಯಾರೋ ಕಳ್ಳರು ಗ್ರಂಥಾಲಯದ ಕಂಪ್ಯೂಟರಿಗೆ ಕನ್ನ ಹಾಕಿದ್ದಾರೆಂದು ತೀರ್ಮಾನಿಸಿ, ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯ ತಂತಿಯನ್ನು ಕಿತ್ತರು. ತಾನು ಸಮಯಕ್ಕೆ ನೋಡದೇ ಹೋಗಿದ್ದರೆ ಏನಾಗುತ್ತಿತ್ತೆಂದು ಊಟದ ಹೊತ್ತಿನವರೆಗೂ ಎಲ್ಲರಿಗೂ ಹೇಳಿದರು. ಗುಮಾಸ್ತರು ತಂತಿ ಸಿಕ್ಕಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು.

ಮೂರು ಗಂಟೆಗೆ ಇಳಿಸುವ ಕೆಲಸ ಮುಗಿದು, ಪ್ರೋಗ್ರಾಮು ಎಲ್ಲಿಂದ ಶುರುವಾಗಬೇಕೋ ಆ ಮುಖ್ಯ ಕ್ಲಾಸು ಸಿಗುತ್ತಿಲ್ಲ ಎಂದು ಯಂತ್ರ ಹೇಳಿತು. ಇದೇನು ಶಾಲೆಯೇ ಕ್ಲಾಸು ಇರುವುದಕ್ಕೆ ಎಂದು ಬೈಂಡರಿಗೆ ಸಿಟ್ಟು ಬಂತು. ಗುಮಾಸ್ತರು ಅದೇ ಸಾಲನ್ನು ಹನ್ನೆರಡು ಸಲ ಟೈಪ್ ಮಾಡಿದರು. ಕಡೆಯ ನಾಲ್ಕು ಸಲ ಕೀಲಿಗಳನ್ನು ಜೋರಾಗಿ ಕುಟ್ಟಿದರು. ಅಂಗಿ ಬೆನ್ನಿಗೆ ಅಂಟಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ, ಬೀಗದ ಕೈ ಹಿಡಿದು ಬಂದ ಕಾವಲುಗಾರ ಚೀಟಿಯನ್ನು ಬೆಳಕಿಗೆ ಹಿಡಿದು, ಕ್ಲಾಸಿನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಇಲ್ಲಿ ದೊಡ್ಡದಿದೆ, ನೀವು ಚಿಕ್ಕದು ಹೊಡೆದಿದ್ದೀರಿ ಎಂದು ತೋರಿಸಿದ.

ದೊಡ್ಡಕ್ಷರ ಹೊಡೆದರು. ನಾಲ್ಕೇ ಸೆಕೆಂಡು. ಪ್ರೋಗ್ರಾಮು ಓಡಿತು.

ಬೈಂಡರು ಚಪ್ಪಾಳೆ ತಟ್ಟಿದ. ಅಕ್ಕ ಇದೆಲ್ಲ ತನ್ನಿಂದಲೇ ಎಂಬಂತೆ ನಕ್ಕರು. ಸದ್ದು ಕೇಳಿ ಗ್ರಂಥಪಾಲಕರೂ ಬಂದು ಕನ್ನಡಕ ಏರಿಸಿದರು. ಗುಮಾಸ್ತರು ಎದ್ದು, ಎಲ್ಲರಿಗೂ ಕಾಣುವಂತೆ ಪರದೆಯನ್ನು ತಿರುಗಿಸಿದರು.

ಪಟ್ಟಿಯಲ್ಲಿ ಐವತ್ತೆರಡು ಭಾನುವಾರಗಳಿದ್ದವು. ಐವತ್ತೆರಡರ ಮುಂದೆಯೂ ಒಂದೇ ಹೆಸರಿತ್ತು: ಗುಮಾಸ್ತರದು.

ಕೆಳಗೆ ಕಾರಣವನ್ನೂ ಪ್ರೋಗ್ರಾಮು ಕೊಟ್ಟಿತ್ತು. ಹುಡುಗಿ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಅದಕ್ಕೆ ಉಣಿಸಿದ್ದಳು. ಕಡಿಮೆ ಭಾನುವಾರ ಬಂದವರಿಗೆ ಮೊದಲು ಪಾಳಿ ಎಂಬುದು ಅದರ ನಿಯಮ. ಕಳೆದ ಹನ್ನೊಂದು ವರ್ಷದಲ್ಲಿ ಬೈಂಡರು ನೂರ ತೊಂಬತ್ತೊಂದು, ಅಕ್ಕ ನೂರ ತೊಂಬತ್ತು, ಕಾವಲುಗಾರ ನೂರ ತೊಂಬತ್ತೊಂದು. ಗುಮಾಸ್ತರು ಸೊನ್ನೆ.

ಹನ್ನೊಂದು ವರ್ಷವೂ ಪಟ್ಟಿಯನ್ನು ಕೈಯಲ್ಲಿ ಬರೆದವರು ಯಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಗುಮಾಸ್ತರ ಮುಖವನ್ನೇ ನೋಡುತ್ತಿದ್ದರು.

“ಸೊನ್ನೇನಾ?” ಎಂದರು ಅಕ್ಕ, ಬಹಳ ಮೆಲ್ಲಗೆ.

ಗ್ರಂಥಪಾಲಕರು ಪತ್ರದ ಮಾತೆತ್ತಲಿಲ್ಲ. ಗುಮಾಸ್ತರಿಗೂ ಎತ್ತುವ ಧೈರ್ಯ ಬರಲಿಲ್ಲ.

“ಎಲ್ಲೋ ಏನೋ ತಪ್ಪಾಗಿದೆ ಸಾರ್” ಎಂದು ಅವರು ಕುಳಿತು ಆ ಸಾಲನ್ನು ಮತ್ತೆ ಟೈಪ್ ಮಾಡಿದರು. ಈಗ ಅದು ಅವರಿಗೆ ಬಾಯಿಪಾಠ. ಬೆಳಿಗ್ಗೆಯಿಂದ ಒಂದು ಹೆಜ್ಜೆಯನ್ನೂ ಇಡದಿದ್ದ ಪ್ರೋಗ್ರಾಮು ಈಗ ಎಷ್ಟು ಸಲ ಓಡಿಸಿದರೂ ಎಲ್ಲಿಯೂ ಮುಗ್ಗರಿಸದೆ, ನಾಲ್ಕೇ ಸೆಕೆಂಡಿನಲ್ಲಿ ಓಡಿಬಂದು ಅವರ ಹೆಸರನ್ನೇ ಹೇಳಿತು.